ಕಾಲ ತಿಳಿದಿಲ್ಲ

ಮಡಿಕೇರಿ ಕೋಟೆಯೊಳಗೆ, ಹಿಂದೆ ಇಗರ್ಜಿಯಾಗಿದ್ದ ಕಟ್ಟಡದ
ಬೀಗ ಹತ್ತು ಗಂಟೆಗೆ ತೆಗೆಯುವವಳು ನಾನು.
ಶನಿವಾರಸಂತೆ ಕಡೆಯವಳು, ದಿನಗೂಲಿ.
ಬಣ್ಣದ ಗಾಜಿನ ಕಿಟಕಿಯಲ್ಲಿ ಯಾರೋ ಸಂತ
ತನ್ನ ಕೆಂಪು ಅಂಗಿಯನ್ನು ಬಿಸಿಲಿನ ಕೈಲಿ ಕೊಟ್ಟು
ಎದುರಿನ ತೀರ್ಥಂಕರನ ಭುಜಕ್ಕೆ ಹೊದಿಸುತ್ತಾನೆ.
ದಿಗಂಬರ, ಬೇಡ ಅನ್ನುವುದಿಲ್ಲ.
ಹನ್ನೊಂದೂವರೆಗೆ ಅದು ತಾನೇ ಜಾರಿಬೀಳುತ್ತದೆ.

ಬರುವವರು ಬರುತ್ತಾರೆ.
ಕುಶಾಲನಗರದಾಚೆಯ ಕ್ಯಾಂಪಿನಿಂದ ಲಾಮಾ ಒಬ್ಬರು
ಬಾಗಿಲಲ್ಲೇ ಷೂ ಕಳಚಿ, ತೂತುಬಿದ್ದ ಕಾಲುಚೀಲದಲ್ಲಿ
ಜಿನನ ಮುಂದೆ ನಿಂತಿದ್ದರು,
ನೆಂಟರ ಮನೆಯಲ್ಲಿ ಹಳೆಯ ಫೋಟೋ ನೋಡುವವರ ಹಾಗೆ.

ನಿನ್ನೆ ಬೊಳ್ಳವ್ವ.
ವಿರಾಜಪೇಟೆಯಿಂದಲೂ ಆಚೆ, ಎರಡು ಬಸ್ಸು.
ನೆರಿಗೆ ಬೆನ್ನ ಹಿಂದೆ, ತಲೆಗೆ ವಸ್ತ್ರ, ಮಂಡಿಗೆ ಮುಲಾಮಿನ ವಾಸನೆ.
ಕಂಚು, ಕಲ್ಲು, ದೇವರು ಎಲ್ಲ ದಾಟಿ
ನೇರ ಮೂಲೆಗೆ ಹೋದರು.
ಅಲ್ಲಿ ಮಣ್ಣಿನ ನಾಯಿ. ಒಂದೇ ಕಿವಿ, ಬಾಲ ಅರ್ಧ,
ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ೨೧೭.

ಚೀಟಿ ಓದಿ ಹೇಳಿದೆ: ಹರಕೆಯ ನಾಯಿ. ಸುಟ್ಟ ಮಣ್ಣು. ಕಾಲ ತಿಳಿದಿಲ್ಲ.
"ನನಗೆ ತಿಳಿದಿದೆ. ನಮ್ಮಣ್ಣ ಬೇಟೆಗೆ ಹೋಗಿ
ಮೂರು ದಿನ ಬಾರದಿದ್ದ ವರ್ಷ.
ಇದೇ ಅಂತಲ್ಲ, ಇಂಥದ್ದೇ.
ಅಪ್ಪ ಎರಡು ಹೊತ್ತುಕೊಂಡು ಹೋಗಿ
ದೇವರಕಾಡಿನಲ್ಲಿ ಇಟ್ಟು, ತಿರುಗಿ ನೋಡದೆ ಬಂದರು.
ಅಯ್ಯಪ್ಪ ರಾತ್ರಿ ಹೊರಟಾಗ ಇವೂ ಓಡಬೇಕು.
ಓಡಿ ಓಡಿ ಕಾಲು ಮುರಿದುಕೊಳ್ಳಬೇಕು,
ಮೈಮೇಲೆ ಹಾವಸೆ ಬೆಳೆಯಬೇಕು,
ಬೇರು ಹೊಕ್ಕು ಪುಡಿಯಾಗಬೇಕು. ಅದರ ಆಯಸ್ಸು ಅಷ್ಟು.
ನೀವು ಇಲ್ಲಿ ಸಾಯಲೂ ಬಿಡುವುದಿಲ್ಲವಲ್ಲ."

ಅಣ್ಣ ಬಂದರಾ, ಕೇಳಿದೆ.
"ನಾಯಿ ಬಂತು," ಅಂದರು.

ಆಮೇಲೆ ಸೊಂಟ ಹಿಡಿದು ಬಗ್ಗಿ
ಗಾಜಿಗೆ ಮುಖ ತಾಗಿಸಿ
ಸಣ್ಣಗೆ ಒಂದು ಸಿಳ್ಳು ಹಾಕಿದರು, ಹಲ್ಲಿಲ್ಲದ ಬಾಯಲ್ಲಿ
ಅರ್ಧ ಗಾಳಿ, ಅರ್ಧ ಕರೆ.
ಸೆಲ್ಫಿ ತೆಗೆಯುತ್ತಿದ್ದ ಹುಡುಗರು ತಿರುಗಿದರು.
ನಾಯಿ ತಿರುಗಲಿಲ್ಲ.
ಇದ್ದ ಒಂದು ಕಿವಿ ಗೋಡೆಯ ಕಡೆಗಿತ್ತು.

ಹೋಗುವಾಗ ಚೀಲದಿಂದ ಕಿತ್ತಳೆ ಕೊಟ್ಟರು, ನನಗೆ;
ಇನ್ನೊಂದು ತೆಗೆದು, ಯೋಚಿಸಿ, ಒಳಗೇ ಇಟ್ಟುಕೊಂಡರು.

ಸಂಜೆ ಗಾಜು ಒರೆಸುವುದು ನನ್ನ ಕೆಲಸ.
ಅವರ ಉಸಿರಿನ ಗುರುತು ಸರಿಯಾಗಿ
ನಾಯಿಯ ಮೂತಿಯ ಎತ್ತರಕ್ಕೇ ಇತ್ತು.
ಉಳಿದ ಗಾಜು ಒರೆಸಿದೆ.
ಕಪಾಟಿನ ಕೀ ಸಾಹೇಬರ ಬಳಿ ಇರುತ್ತದೆ.
ನನ್ನ ಬಳಿ ಇದ್ದಿದ್ದರೆ ಅಂತ ನಾನು ಯೋಚಿಸಲಿಲ್ಲ.
ಸುಳ್ಳು. ಯೋಚಿಸಿದೆ,
ಬಸ್ಸು ಮಾದಾಪುರ ದಾಟುವವರೆಗೂ.