ಬೆನ್ನಿನ ನಂಬರು

ಕೌಲ್ ಬಜಾರಿನ ಈ ಮಷೀನಿನ ಮೇಲೆ
ಜೀನ್ಸಿನ ಗುಡ್ಡೆ ಸರಿಸಿ
ಊರ ಟೀಮಿನ ಅದೇ ಬಿಳಿ ಅಂಗಿ
ಯೇಸುರತ್ನ ರಜೆಗೆ ಬಂದಾಗಲೆಲ್ಲ
ಬಿಚ್ಚಿದ್ದೇನೆ, ಹೊಲಿದಿದ್ದೇನೆ.

ಮೊದಲು ಹನ್ನೊಂದು, ಎಡಗಡೆಯ ಓಟ.
ಕಲ್ಕತ್ತಾಕ್ಕೆ ಹೋದ ವರ್ಷ ಮೂರು:
"ಹಿಂದೆ ನಿಲ್ಲು ಅಂದ್ರು, ನಿಂತೆ."
ಗೋವಾದಲ್ಲಿ ಆರು.
ಒಮ್ಮೆ ಗೋಲಿಗೆ ಕೆಂಪು ಚೀಟಿ ಬಿದ್ದು
ಯಾರದೋ ಒದ್ದೆ ಗ್ಲೌಸು ತೊಟ್ಟು
ಇಪ್ಪತ್ತು ನಿಮಿಷ ಕಂಬಗಳ ನಡುವೆ.

"ನಿನ್ನ ಜಾಗ ಯಾವುದೋ?" ಅಂದಿದ್ದೆ.
ದಾರ ಹಲ್ಲಲ್ಲಿ ಕಡಿದುಕೊಟ್ಟ:
"ಅವತ್ತು ಯಾರು ಬರಲಿಲ್ಲೋ ಅವ್ರದು."

ಈಗ ಮೊಣಕಾಲು ಮಾತು ಕೇಳದು.
ಕೋಟೆಗುಡ್ಡದ ಬಂಡೆ ಆರುವ ಹೊತ್ತಿಗೆ
ಹುಡುಗರಿಗೆ ಸುಣ್ಣದ ಗೆರೆ ಎಳೆಯುತ್ತಾನೆ.
ನಿನ್ನೆ ಅಂಗಿ ತಂದ: "ನಂಬರು ತೆಗೆದುಬಿಡು."

ತೆಗೆದೆ. ಬೆಳಕಿಗೆ ಹಿಡಿದರೆ
ಸೂಜಿತೂತು, ಒಂದರ ಮೇಲೊಂದು,
ಯಾವ ಅಂಕಿಯೂ ಓದಲು ಬಾರದಷ್ಟು.