ಬಲಗೈ

ಢಿಕ್ಕಿಗಳು: ಸೊನ್ನೆ.
ಪರದೆಯ ಮೂಲೆಯಲ್ಲಿ ಹಸಿರು ಚುಕ್ಕೆ.
ಬೆರ್ಗೆನ್ನಿನ ಆಸ್ಪತ್ರೆ ಇನ್ನೂ ಬರೀ ಅಡಿಪಾಯ,
ಅದರ ಮೂರನೇ ಮಹಡಿಯ ಒಳಸೂರಿನ ಸಂದಿಯಲ್ಲಿ
ನಾನಾಗಲೇ ಓಡಾಡಿ ಬಂದಿದ್ದೇನೆ,
ಗ್ಡಿನ್ಯಾದ ಈ ಕುರ್ಚಿ ಬಿಟ್ಟೇಳದೆ.

ಆರು ಮೀಟರಿನ ಉಕ್ಕಿನ ಚೌಕಟ್ಟು,
ಒಳಗೆ ಬಿಸಿಯಾಗಿ ಹೋಗುವ ನೀರು, ತಣ್ಣಗಾಗಿ ಮರಳುವ ನೀರು,
ಕುಡಿಯುವ ನೀರು, ಆಮ್ಲಜನಕದ ಸಪೂರ ತಾಮ್ರ,
ಎಲ್ಲಕ್ಕಿಂತ ಕೆಳಗೆ, ತುಸು ವಾಲಿಕೊಂಡು, ಕೊಳಚೆ.
ಒಮ್ಮೆ ಕಟ್ಟಿದರಾಯಿತು, ನಲವತ್ತೆರಡು ಸಲ ನಕಲು
ಅಂದುಕೊಂಡಿದ್ದೆ.
ಕೊಳಚೆ ನಕಲಿಗೆ ಒಪ್ಪುವುದಿಲ್ಲ.
ಅದಕ್ಕೆ ಇಳಿಜಾರು ಬೇಕು, ಮೀಟರಿಗೆ ಹತ್ತು ಮಿಲಿಮೀಟರು;
ಹಾಗಾಗಿ ಒಂದೇ ಅಚ್ಚಿನ ಅಕ್ಕತಂಗಿಯರಲ್ಲಿ
ಒಬ್ಬಳ ಲಂಗ ಪಕ್ಕದವಳದಕ್ಕಿಂತ ಮೂರು ಬೆರಳು ಇಳಿಬಿದ್ದಿರುತ್ತದೆ.

ಮಂಗಳವಾರ ಕೆಳಗಿನ ಶೆಡ್ಡಿನಿಂದ ಬ್ರೋನೆಕ್ ಮೇಲೆ ಬಂದ.
ಮೂವತ್ತು ವರ್ಷ ಹಡಗುಗಳ ಹೊಟ್ಟೆಯೊಳಗೆ ಬೆಸುಗೆ ಹಾಕಿದವನು,
ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು.
ಕೈಯಲ್ಲಿ ನನ್ನದೇ ನಕ್ಷೆ, ಅದರ ಮೇಲೆ ಹೆಬ್ಬೆಟ್ಟಿನ ಗ್ರೀಸು.
ಕುರ್ಚಿ ತೋರಿಸಿದೆ; ಕೂರಲಿಲ್ಲ.
"ಹನ್ನೊಂದನೇ ಬೆಸುಗೆ," ಎಂದ. "ತಿರುಗಿಸು."
ತಿರುಗಿಸಿದೆ. ಇಡೀ ಆಸ್ಪತ್ರೆ ತಿರುಗಿತು.
"ಇಲ್ಲಿ ನನ್ನ ಕೈ ಎಲ್ಲಿಂದ ಹೋಗಬೇಕು?"

ಕೊಳವೆಗೂ ಕೊಳವೆಗೂ ನಡುವೆ ಅರವತ್ತು ಮಿಲಿಮೀಟರು.
ಯಾವುದೂ ಯಾವುದನ್ನೂ ತಾಗುವುದಿಲ್ಲ.
ಈ ಯಂತ್ರ ನನಗೆ ಕಲಿಸಿದ್ದು ಅಷ್ಟೇ:
ತಾಗದಿದ್ದರೆ ಸರಿ.

ಅವನು ಪರದೆಗೆ ಅಂಗೈ ಒತ್ತಿ ಹಿಡಿದ.
ತೆಗೆದಾಗ ಗಾಜಿನ ಮೇಲೆ ನಾಲ್ಕೂವರೆ ಬೆರಳಿನ ಆವಿ.
ನಾನು ಎದ್ದು ಟೇಪು ತಂದೆ.
ಮುಷ್ಟಿ, ನೂರ ಹದಿನೈದು. ಕೈಗವಸಿನ ಜೊತೆ, ನೂರ ಮೂವತ್ತು.
ಮಣಿಕಟ್ಟು ಹೊರಳುವುದಕ್ಕೆ ಇನ್ನೂ ನಲವತ್ತು.
ಬೆರಳು, ಗೇಣು, ಮೊಳ, ಮಾರು,
ಅಳತೆ ಅನ್ನುವುದು ಹೊರಟದ್ದು ಮೈಯಿಂದಲೇ ಅಲ್ಲವೇ,
ದಾರಿಯಲ್ಲೆಲ್ಲೋ ಮೈಯನ್ನು ಕೈಬಿಟ್ಟಿತು.
"ಇಷ್ಟು ವರ್ಷ ಯಾರೂ ಅಳೆದಿರಲಿಲ್ಲ," ಎಂದ,
ದರ್ಜಿಯ ಮುಂದೆ ಮದುಮಗ ನಿಂತ ಹಾಗೆ ತೋಳು ಚಾಚಿಕೊಂಡು.

ಆ ಸಂಜೆ ಒಂದು ಹೊಸ ವಸ್ತು ಮಾಡಿದೆ.
ಬಣ್ಣವಿಲ್ಲ, ತೂಕವಿಲ್ಲ, ಖರೀದಿ ಪಟ್ಟಿಯಲ್ಲಿ ಸಾಲಿಲ್ಲ.
ಹೆಸರಿನ ಅಂಕಣದಲ್ಲಿ: ಬ್ರೋನೆಕ್, ಬಲಗೈ.
ಪ್ರತಿ ಬೆಸುಗೆಗೂ ಒಂದೊಂದು ಅಂಟಿಸಿದೆ.
ಹಸಿರು ಚುಕ್ಕೆ ಕೆಂಪಾಯಿತು.
ಢಿಕ್ಕಿಗಳು: ಮುನ್ನೂರ ಆರು.
ಆಸ್ಪತ್ರೆಯ ತುಂಬ, ಕಂಡಕಂಡಲ್ಲಿ,
ಒಬ್ಬನೇ ಮನುಷ್ಯನ ಕೈ ಸಿಕ್ಕಿಹಾಕಿಕೊಂಡಿತ್ತು.

ನನ್ನ ಮೇಲಿನವಳು ಯಾಗ್ನಾ ಬಂದು ಇಣುಕಿದಳು:
"ಇದೇನು, ಖಾಲಿಗೂ ಲೆಕ್ಕವಾ?"
ಹೌದು ಎಂದೆ. ಕೈಗೂಡಬೇಕಾದರೆ
ಮೊದಲು ಕೈ ತೂರಬೇಕಲ್ಲ.

ಮೂರು ವಾರ ಬಿಡಿಸುತ್ತ ಕೂತೆ.
ಆಮ್ಲಜನಕವನ್ನು ಮೇಲೆತ್ತಿದೆ, ಮರಳುವ ನೀರನ್ನು ಬದಿಗೆ ಸರಿಸಿದೆ,
ಗಾಳಿಯ ಡಕ್ಟಿನವರೊಡನೆ ಜಗಳವಾಡಿ
ಎಂಟು ಸೆಂಟಿಮೀಟರು ಗಿಟ್ಟಿಸಿದೆ.
ಕೊಳಚೆ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.
ಢಿಕ್ಕಿಗಳು: ಎರಡು. ಹಾಗೇ ಕಳಿಸಿದೆ.

ಆಮೇಲೆ ಕ್ಯಾಂಟೀನಿನಲ್ಲಿ ಕೇಳಿದೆ, ಆ ಎರಡನ್ನು ಹೇಗೆ ಬೆಸೆದೆ?
"ಕನ್ನಡಿ ಇಟ್ಟುಕೊಂಡು," ಎಂದ, ಸೂಪು ಆರಿಸುತ್ತ.
"ಎಡಗೈಯಲ್ಲಿ."

ಹಡಗು ಹೋಯಿತು. ನವೆಂಬರಿನಲ್ಲಿ ಬೆರ್ಗೆನ್ನಿನಿಂದ ಚಿತ್ರ ಬಂತು:
ಮೇಲಿನ ಕಾಂಕ್ರೀಟು ಹನ್ನೆರಡು ಮಿಲಿಮೀಟರು ಜೋತುಬಿದ್ದಿದೆಯಂತೆ,
ತುದಿಗೆ ಹೆಚ್ಚಾಗಿ ಬಿಟ್ಟಿದ್ದ ಪೈಪು ಕತ್ತರಿಸಿ ಹೊಂದಿಸಿಕೊಂಡರಂತೆ.
ಚಿತ್ರದಲ್ಲಿ ಮುಖವಿಲ್ಲ. ಏಣಿ, ಕಿತ್ತಳೆ ಬಣ್ಣದ ತೋಳು,
ಮೊಣಕೈವರೆಗೆ ಕೊಳವೆಗಳ ನಡುವೆ ತೂರಿದ
ಒಬ್ಬ ಹುಡುಗಿಯ ಕೈ, ಮಣಿಕಟ್ಟಿನಲ್ಲಿ ಮೀನಿನ ಹಚ್ಚೆ.

ಶೆಡ್ಡಿಗೆ ಒಯ್ದು ತೋರಿಸಿದೆ.
ಬ್ರೋನೆಕ್ ಮುಖವಾಡ ಮೇಲೆತ್ತಿ, ಕನ್ನಡಕ ಹುಡುಕಿ, ಹಾಕಿಕೊಂಡು,
ಬಹಳ ಹೊತ್ತು ನೋಡಿದ.
"ಇವಳಿಗೆ ದೊಗಳೆ," ಎಂದ.