ಸಾಧು ನೀರು

ಊರ ಹೆಸರು ಅಗ್ವಾ ಮಾನ್ಸಾ. ಅಂದರೆ ಸಾಧು ನೀರು.
ಹೆಸರಿಟ್ಟವರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ.
ಪೂನಾದ ಎತ್ತರದ ಬಯಲು, ಉಪ್ಪಿನ ಹರವಿನ ಅಂಚು,
ಹದಿನೇಳು ಮನೆ, ಒಂದು ನಲ್ಲಿ.
ಸಾಲ್ತಾದಿಂದ ಬಂದ ನಾನು ಸೀಸೆಗೆ ಚೀಟಿ ಅಂಟಿಸುತ್ತೇನೆ:
ತಾರೀಖು, ಹೊತ್ತು, ನಲ್ಲಿ ಸಂಖ್ಯೆ ಒಂದು.
ಎರಡು ಬರೆಯುವ ಪ್ರಮೇಯವೇ ಇಲ್ಲ.

ಈ ನೀರಲ್ಲಿ ಲಿಥಿಯಂ ಇದೆ,
ಮನೋರೋಗದ ಡಾಕ್ಟರು ಕೊಡುವ ಗುಳಿಗೆಯಲ್ಲಿರುವುದೇ,
ಚಿಟಿಕೆಯೊಳಗಿನ ಚಿಟಿಕೆಯಷ್ಟು.
ಕುಡಿದವರು ಕೈ ಎತ್ತುವುದು ಕಮ್ಮಿಯಂತೆ,
ತಮ್ಮ ಜೀವದ ಮೇಲೂ.
ಆ 'ಅಂತೆ'ಯನ್ನೇ ಊರುಗೋಲು ಮಾಡಿಕೊಂಡು
ನಿಂತಿದೆ ನನ್ನ ಫಾರ್ಮಿನ ನಾಲ್ಕನೇ ಪ್ರಶ್ನೆ:
ಈ ವರ್ಷ ಯಾರೊಡನಾದರೂ ಜಗಳವಾಡಿದ್ದೀರಾ?

ಕಾಸಿಲ್ದಾ ಕಲ್ಪಂಚಾಯ್ ಕದಿರು ನಿಲ್ಲಿಸದೆ ನಕ್ಕಳು.
"ಮೈದುನ ನಸಾರಿಯೋ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ.
ಒಂದು ಲಾಮಾ ಮರಿಯ ಕಿವಿಗೆ
ಯಾರ ಕೆಂಪು ಉಣ್ಣೆಯ ಕುಚ್ಚು ಅಂತ.
ಕುಚ್ಚು ಉದುರಿತು, ಲಾಮಾ ಸತ್ತಿತು,
ಜಗಳ ಮಾತ್ರ ಗಟ್ಟಿಮುಟ್ಟಾಗಿದೆ."
ಹೊಡೆದಾಟ?
"ಯಾಕೆ? ಇಲ್ಲೇ ಇರುತ್ತಾನಲ್ಲ, ಎಲ್ಲಿ ಹೋಗುತ್ತಾನೆ."

ದಿನಾ ನಲ್ಲಿಯ ಹತ್ತಿರ ಎದುರಾಗುತ್ತಾರೆ.
ಅವನ ಕ್ಯಾನು ತುಂಬುವವರೆಗೆ ಅವಳು ಬೆಟ್ಟ ನೋಡುತ್ತಾಳೆ,
ಅವಳದು ತುಂಬುವವರೆಗೆ ಅವನು.
ಅದೇ ಬೆಟ್ಟ.

ನೀರಲ್ಲಿ ಪಾಷಾಣವೂ ಇದೆ, ಅದೂ ಚೀಟಿಯಲ್ಲಿದೆ.
ಮುಂದಿನ ತಿಂಗಳು ಫಿಲ್ಟರು ಬರುತ್ತದೆ,
ಎರಡನ್ನೂ ಒಂದೇ ಏಟಿಗೆ ಸೋಸುತ್ತದೆ.
ವಿಷ ಯಾವುದು ಮದ್ದು ಯಾವುದು, ಅದರ ಜರಡಿ ಕೇಳುವುದಿಲ್ಲ.
ಆಮೇಲೆ ಮತ್ತೆ ಬರಬೇಕು ನಾನು, ಇದೇ ಫಾರ್ಮು, ಇದೇ ನಾಲ್ಕನೇ ಪ್ರಶ್ನೆ.
(ಬಾಟಲಿ ನೀರು ಕುಡಿಯುವ ನಾನು
ಈ ಬೆಳಗ್ಗೆ ಮಗಳ ಮೇಲೆ ಕೂಗಾಡಿ ಹೊರಟವಳು.
ನನ್ನನ್ನು ಯಾರೂ ಕೇಳಲಿಲ್ಲ.)

ನಿಯಮದ ಪ್ರಕಾರ, ಸೀಸೆ ಹಿಡಿಯುವ ಮೊದಲು
ನೀರನ್ನು ಮೂರು ನಿಮಿಷ ಹರಿಯಬಿಡಬೇಕು.
ಒಂದೂವರೆ ನಿಮಿಷಕ್ಕೆ ನಸಾರಿಯೋ ಓಡಿ ಬಂದ,
ಕದಿರು ಬಿಸುಟು ಕಾಸಿಲ್ದಾ ಎದ್ದಳು,
ಅವನು ಬೈದ ವಾಕ್ಯದ ಅರ್ಧವನ್ನು ಅವಳು ಮುಗಿಸಿದಳು.
"ನಿಮ್ಮಪ್ಪನ ಹೊಳೆಯೇನೇ ಇದು?"
ಇಬ್ಬರೂ, ಒಟ್ಟಿಗೆ, ನನ್ನ ಮೇಲೆ.

ನಲ್ಲಿ ತಿರುಗಿಸಿದೆ. ನಿಮಿಷ ಒಂದೂಮುಕ್ಕಾಲು,
ಮಾದರಿ ಅಸಿಂಧು.
ಇಬ್ಬರೂ ಮತ್ತೆ ಬೆಟ್ಟ ನೋಡತೊಡಗಿದರು.

ಚೆಲ್ಲಿದ ನೀರು ಕಲ್ಲಿನ ಮೇಲೆ ಆಗಲೇ ಆರಿ
ಬೆಳ್ಳಗೆ ಒಂದು ಗೆರೆ ಉಳಿದಿತ್ತು.
ನಾಯಿಯೊಂದು ಬಂದು ಮೂಸಿತು, ನೆಕ್ಕಿತು, ಇನ್ನಷ್ಟು ನೆಕ್ಕಿತು,
ಪಾಲಿಗೆ ಬಂದ ಇನ್ನೊಂದು ನಾಯಿಯ ಮೇಲೆ
ಗುರ್ ಎಂದಿತು.